ದ್ಯಾವಣ್ಣನ ಪಾಚಿ ಗಾಡಿ

ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ಹೆಂಚಿನ ಮನೆಗಳನ್ನು ಕಟ್ಟಿಕೊಂಡಿದ್ದವು. ಮಳೆಗಾಲ ಮುಗಿಯುವ ಹೊತ್ತಿಗೆ ಹೆಂಚಿನ ಮೇಲೆ ಹಸಿರು ಪಾಚಿ ಬೆಳೆಯುತ್ತಿತ್ತು. ಪಾಚಿ ನೋಡುವುದಕ್ಕೆ ಚೆಂದ. ಆದರೆ ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀರು ನಿಂತರೆ ಹೆಂಚು ಸವೆಯುತ್ತದೆ, ಹೆಂಚು ಸವೆದರೆ ಮನೆ ಸೋರುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಪಾಚಿ ತೆಗೆಯಲೇಬೇಕಿತ್ತು.

ಆ ಕೆಲಸ ಮಾಡುತ್ತಿದ್ದವನು ದ್ಯಾವಣ್ಣ ಎಂಬ ಚಿಪ್ಪುಹಂದಿ. ಚಿಪ್ಪುಹಂದಿಯ ಬೆನ್ನಿನ ತುಂಬ ಗಟ್ಟಿ ಚಿಪ್ಪುಗಳಿರುತ್ತವೆ, ಒಂದರ ಮೇಲೊಂದು, ಥೇಟ್ ಹೆಂಚು ಹೊದಿಸಿದ ಹಾಗೆ. ಹೆದರಿದಾಗ ಅದು ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅದರ ಊಟ ಇರುವೆ ಮತ್ತು ಗೆದ್ದಲು. ಹಾಗಾಗಿ ದ್ಯಾವಣ್ಣನ ಕೂಲಿಯೂ ಅದೇ. ಯಾರ ಮನೆ ತೊಳೆದನೋ ಅವರು ತಮಗೆ ಗೊತ್ತಿರುವ ಒಂದು ಹೊಸ ಹುತ್ತ ಎಲ್ಲಿದೆ ಎಂದು ಅವನ ಕಿವಿಯಲ್ಲಿ ಹೇಳಬೇಕು, ಅಷ್ಟೆ.

ಹಿಂದಿನ ವರ್ಷ ದ್ಯಾವಣ್ಣ ಬ್ರಷ್ ಹಿಡಿದು ಮೊಲದಜ್ಜಿ ದುಂಡಮ್ಮನ ಮನೆಯ ಹೆಂಚಿನ ಮಾಡು ಹತ್ತಿದ್ದ. ಪಾಚಿಯ ಮೇಲೆ ಕಾಲು ಜಾರಿತು. ಕುಂಬಳದ ಬಳ್ಳಿಯ ಮೇಲೆ ಬಿದ್ದದ್ದರಿಂದ ಜೀವ ಉಳಿಯಿತು, ಆದರೆ ಸೊಂಟ ಎರಡು ತಿಂಗಳು ಹಿಡಿದುಕೊಂಡಿತು.

"ಇನ್ನೊಂದು ಸಲ ಬಿದ್ದರೆ ನಾನು ಏಳೋದಿಲ್ಲ," ಎಂದು ದ್ಯಾವಣ್ಣ ಯೋಚಿಸಿದ. "ಕೆಲಸ ಬಿಟ್ಟರೆ ಹುತ್ತ ತೋರಿಸೋರು ಯಾರು? ಗೊತ್ತಿದ್ದ ಹುತ್ತಗಳೆಲ್ಲ ಖಾಲಿಯಾಗಿವೆ. ನೆಲದ ಮೇಲೆ ನಿಂತುಕೊಂಡೇ ಮಾಡು ತೊಳೆಯೋ ದಾರಿ ಹುಡುಕಬೇಕು."

ಅವನ ಹತ್ತಿರ ಏನೂ ಇರಲಿಲ್ಲ. ಆದರೆ ಕಾಡಿನಂಚಿನ ರಸ್ತೆಯಲ್ಲಿ ಮನುಷ್ಯರು ಬಿಸಾಡಿದ ವಸ್ತುಗಳು ಬೇಕಾದಷ್ಟಿದ್ದವು. ಮೊದಲು ಎರಡು ಹಳೆಯ ಸೈಕಲ್ ಚಕ್ರ ಸಿಕ್ಕವು. ಅವುಗಳ ನಡುವೆ ಹಲಗೆ ಹಾಕಿ ಗಾಡಿ ಮಾಡಿದ. ಹೊಳೆಯಲ್ಲಿ ತೇಲಿಬಂದ ನೀಲಿ ಡ್ರಮ್ಮನ್ನು ಅದರ ಮೇಲೆ ಕೂರಿಸಿದ. ಡ್ರಮ್ಮು ಸರಿಯಾಗಿ ಚಕ್ರಗಳ ನಡುವಿನ ಅಚ್ಚಿನ ಮೇಲೇ ಕೂರಬೇಕು. ಹಿಂದೆ ಕೂತರೆ ಗಾಡಿ ಹಿಂದಕ್ಕೆ ಮಗುಚುತ್ತದೆ, ಮುಂದೆ ಕೂತರೆ ಎಳೆಯುವವನ ಬೆನ್ನು ಮುರಿಯುತ್ತದೆ. ಹೊಲಕ್ಕೆ ಔಷಧಿ ಹೊಡೆಯುವ ಒಂದು ಹಳೆಯ ಪಂಪು ಸಿಕ್ಕಿತು. ಅದರ ಹಿಡಿಗೆ ಮರದ ತುಂಡು ಕಟ್ಟಿ ಕಾಲಿನಿಂದ ತುಳಿಯುವಂತೆ ಮಾಡಿದ. ಪಂಪಿಗೆ ಉದ್ದನೆಯ ಪೈಪು, ಪೈಪಿಗೆ ಉದ್ದನೆಯ ಬಿದಿರಿನ ಗಳು, ಗಳುವಿನ ತುದಿಗೆ ಸಣ್ಣ ಸಣ್ಣ ತೂತು ಮಾಡಿದ ಸೋರೆ ಬುರುಡೆ. ತೂತು ಸಣ್ಣದಿದ್ದರೆ ನೀರು ಸೋನೆಯಂತೆ ಬೀಳುತ್ತದೆ, ಹೆಂಚಿಗೆ ಪೆಟ್ಟಾಗುವುದಿಲ್ಲ. ಸೋರುವ ಕಡೆಗಳಿಗೆಲ್ಲ ಹಳೇ ಟ್ಯೂಬಿನ ಪಟ್ಟಿ ಸುತ್ತಿದ. ಕೊನೆಗೆ ಗಾಡಿಗೆ ಒಂದು ಕೊಕ್ಕೆ ಹಾಕಿ, ಕೊಕ್ಕೆಯನ್ನು ತನ್ನ ಬಾಲಕ್ಕೆ ಸಿಕ್ಕಿಸಿಕೊಂಡ. ಚಿಪ್ಪುಹಂದಿಯ ಬಾಲ ದಪ್ಪ, ಗಟ್ಟಿ. ಗಾಡಿ ಕಿರ್ ಕಿರ್ ಎನ್ನುತ್ತ ಅವನ ಹಿಂದೆ ಬಂತು.

ಡ್ರಮ್ಮಿನಲ್ಲಿದ್ದದ್ದು ಬರೀ ನೀರಲ್ಲ. ಅಂಟುವಾಳ ಕಾಯಿಯನ್ನು ರಾತ್ರಿಯಿಡೀ ನೆನೆಸಿ, ಕಿವುಚಿ, ಬೂದಿಯ ತಿಳಿನೀರು ಸೇರಿಸಿ, ಬಟ್ಟೆಯಲ್ಲಿ ಸೋಸಿದ ಮದ್ದು. ಸೋಸದಿದ್ದರೆ ಬುರುಡೆಯ ತೂತು ಕಟ್ಟಿಕೊಳ್ಳುತ್ತದೆ.

ಮೊದಲ ಮನೆ ದುಂಡಮ್ಮನದೇ. ದ್ಯಾವಣ್ಣ ಚಕ್ರದ ಹಿಂದೆ ಒಂದು ಕಲ್ಲು ಇಟ್ಟ. ಪಂಪು ತುಳಿಯುತ್ತ, ಗಳುವನ್ನು ಮೇಲೆತ್ತಿ, ಮಾಡಿನ ನೆತ್ತಿಯಿಂದ ಕೆಳಕ್ಕೆ ನಿಧಾನವಾಗಿ ಸಿಂಪಡಿಸಿದ. ಮುಗಿಸಿ ಕೊಕ್ಕೆ ಸಿಕ್ಕಿಸಿಕೊಂಡು ಹೊರಟ.

"ಏನಪ್ಪಾ ದ್ಯಾವಣ್ಣ, ಪಾಚಿ ಇದ್ದ ಹಾಗೇ ಇದೆಯಲ್ಲೋ," ಎಂದಳು ದುಂಡಮ್ಮ.

"ನಾಲ್ಕು ದಿನ ಮುಟ್ಟಬೇಡ ಅಜ್ಜಿ. ಮದ್ದು ಬೇರಿಗೆ ಇಳೀಬೇಕು. ಐದನೇ ದಿನ ಬಂದು ನೀರು ಬಿಡ್ತೀನಿ."

ಇದನ್ನು ಬೇಲಿಯ ಹಿಂದಿನಿಂದ ಕೇಳಿಸಿಕೊಂಡವನು ಚೆಲುವಯ್ಯ ಎಂಬ ನರಿ. ಚೆಲುವಯ್ಯನಿಗೆ ದುಡಿಯುವುದೆಂದರೆ ಆಗದು, ಆದರೆ ಹೊಗಳಿಕೆ ಎಂದರೆ ಪ್ರಾಣ. ಅವನು ನಾಲ್ಕನೇ ದಿನ ಸಂಜೆ ಒಂದು ಕೊಡ ನೀರು ಹೊತ್ತುಕೊಂಡು ಬಂದ.

"ಅಜ್ಜಮ್ಮಾ, ಆ ದ್ಯಾವಣ್ಣ ಏನೋ ಚಿಮುಕಿಸಿ ಹೋದನಂತೆ? ಪಾಪ, ಅವನಿಗೆ ವಯಸ್ಸಾಯಿತು. ನನ್ನ ಕೈಗುಣ ನೋಡು."

ಏಣಿ ಹತ್ತಿ ನೆತ್ತಿಯಿಂದ ನೀರು ಸುರಿದ. ಸತ್ತುಹೋಗಿದ್ದ ಪಾಚಿ ಸರ್ರನೆ ಜಾರಿ ಅಂಗಳಕ್ಕೆ ಬಿತ್ತು. ಹೆಂಚು ಕೆಂಪಗೆ ಹೊಳೆಯಿತು. ದುಂಡಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಚೆಲುವಯ್ಯನಿಗೆ ಬಿಸಿಬಿಸಿ ಬೇಯಿಸಿದ ಗೆಣಸು ಕೊಟ್ಟಳು.

ಮರುದಿನ ದ್ಯಾವಣ್ಣ ಬಂದಾಗ ಅವಳು ಹುತ್ತದ ಸುದ್ದಿಯನ್ನೇ ಎತ್ತಲಿಲ್ಲ.

"ಅದು ನನ್ನ ಮದ್ದಿಗೆ ಹೋದದ್ದು ಅಜ್ಜಿ," ಎಂದ ದ್ಯಾವಣ್ಣ.

"ನೀನು ಹೊಡೆದ ಮೇಲೆ ಮೂರು ದಿನ ನೋಡಿದೆ ಕಣಪ್ಪ, ಒಂದು ಚೂರೂ ಬೀಳಲಿಲ್ಲ. ಅವನು ಒಂದು ಕೊಡ ಸುರಿದ, ಎಲ್ಲ ಹೋಯ್ತು. ನನ್ನ ಕಣ್ಣಾರೆ ಕಂಡಿದ್ದೀನಿ."

ಎರಡನೇ ಮನೆಯಲ್ಲೂ ಹೀಗೇ ಆಯಿತು, ಮೂರನೇ ಮನೆಯಲ್ಲೂ. ದ್ಯಾವಣ್ಣ ಸಿಂಪಡಿಸುತ್ತಿದ್ದ, ಚೆಲುವಯ್ಯ ನಾಲ್ಕನೇ ದಿನ ಕೊಡ ತರುತ್ತಿದ್ದ. ಮೂರು ಮನೆ ಮುಗಿದರೂ ದ್ಯಾವಣ್ಣನಿಗೆ ಒಂದು ಹುತ್ತವೂ ಸಿಗಲಿಲ್ಲ. ಅವನು ಒಣಗಿದ ಮರದ ತೊಗಟೆ ಕೆರೆದು ಕಟ್ಟಿರುವೆ ತಿಂದು ಮಲಗಿದ.

ಕಾಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಮನೆ ಕರಡಿ ಗುಡ್ಡಪ್ಪನದು. ಅದು ಇಳಿಜಾರಿನ ಮೇಲಿತ್ತು, ಇಳಿಜಾರಿನ ಕೊನೆಯಲ್ಲಿ ಕೆಸರಿನ ಹೊಂಡವಿತ್ತು. ಗುಡ್ಡಪ್ಪ ಎಲ್ಲರೆದುರು ಹೇಳಿದ:

"ನೋಡು ದ್ಯಾವಣ್ಣ, ಬೇಜಾರು ಮಾಡ್ಕೋಬೇಡ. ಬರೀ ಕೊಡದಲ್ಲಿ ಇಷ್ಟು ಮಾಡೋ ಚೆಲುವಯ್ಯನ ಕೈಗೆ ನಿನ್ನ ಗಾಡಿ ಸಿಕ್ಕರೆ ಕಾಡೆಲ್ಲ ಒಂದೇ ದಿನಕ್ಕೆ ಚೊಕ್ಕಟವಾಗುತ್ತೆ. ನಾಳೆ ನನ್ನ ಮಾಡು ಅವನು ತೊಳೀಲಿ. ಚೆನ್ನಾಗಿ ತೊಳೆದರೆ ಗಾಡಿ ಅವನ ಹತ್ತಿರವೇ ಇರಲಿ. ಏನ್ ಚೆಲುವಯ್ಯ, ಒಂದು ಗಡಿಗೆ ಜೇನು ಕೊಡ್ತೀನಿ."

ಗುಡ್ಡಪ್ಪನ ಮಾಡಿಗೆ ಇನ್ನೂ ಯಾರೂ ಮದ್ದು ಹೊಡೆದಿರಲಿಲ್ಲ. ಅದು ಚೆಲುವಯ್ಯನಿಗೂ ಗೊತ್ತಿತ್ತು. ಆದರೆ ಜೇನಿನ ಹೆಸರು ಕೇಳಿ ನಾಲಿಗೆ ತಾನೇ ತಾನಾಗಿ ಹೇಳಿತು: "ಅದೆಷ್ಟರ ಕೆಲಸ ಗುಡ್ಡಪ್ಪಣ್ಣ?"

ದ್ಯಾವಣ್ಣನ ಕಣ್ಣು ತುಂಬಿತು. ಆದರೂ ಗಾಡಿಯ ಕೊಕ್ಕೆ ಬಿಚ್ಚಿ ಕೊಡುವಾಗ ಹೇಳಿದ: "ಮದ್ದು ಹೊಡೆದು ನಾಲ್ಕು ದಿನ ಕಾಯಬೇಕು ಚೆಲುವಯ್ಯ. ಗಳು ನೆತ್ತಿಗೆ ಮುಟ್ಟಬೇಕು, ಮೇಲಿಂದ ಕೆಳಕ್ಕೇ ಬಿಡಬೇಕು. ನನ್ನ ಚಿಪ್ಪು ನೋಡು, ಮೇಲಿಂದ ಬಂದ ನೀರು ಜಾರಿಹೋಗುತ್ತೆ, ಕೆಳಗಿಂದ ಬಂದದ್ದು ಒಳಗೇ ನುಗ್ಗುತ್ತೆ. ಹೆಂಚೂ ಹಾಗೇ. ಇನ್ನೊಂದು, ಚಕ್ರದ ಹಿಂದಿನ ಕಲ್ಲು ಮಾತ್ರ ತೆಗೀಬೇಡ."

"ಪಾಠ ಮುಗೀತಾ ಮೇಷ್ಟ್ರೇ?" ಎಂದ ಚೆಲುವಯ್ಯ. ಎಲ್ಲರೂ ನಕ್ಕರು.

ಮರುದಿನ ಬೆಳಿಗ್ಗೆ ಎಲ್ಲರೂ ಗುಡ್ಡಪ್ಪನ ಅಂಗಳದಲ್ಲಿ ಸೇರಿದರು. ಅಂಟುವಾಳ ನೆನೆಸುವ ತಾಳ್ಮೆ ಚೆಲುವಯ್ಯನಿಗೆಲ್ಲಿತ್ತು? ಡ್ರಮ್ಮಿಗೆ ಬರೀ ಹೊಳೆಯ ನೀರು ತುಂಬಿದ್ದ. ನೀರು ಬಿಟ್ಟ. ಪಾಚಿ ಅಲ್ಲಾಡಲಿಲ್ಲ. ಜೋರಾಗಿ ಬರಲಿ ಎಂದು ಸೋರೆ ಬುರುಡೆ ಕಿತ್ತೆಸೆದು ಪಂಪು ತುಳಿದ. ಗಳು ನೆತ್ತಿಗೆ ಎಟುಕಲಿಲ್ಲ, ಏಕೆಂದರೆ ಗುಡ್ಡಪ್ಪನ ಮನೆ ಎತ್ತರ. ಆಗ ಚಕ್ರದ ಹಿಂದಿನ ಕಲ್ಲನ್ನು ತೆಗೆದು ಅದರ ಮೇಲೆ ಹತ್ತಿ ನಿಂತ.

"ಚೆಲುವಯ್ಯ, ಕಲ್ಲು!" ಎಂದು ಇಳಿಜಾರಿನ ಕೆಳಗಿನಿಂದ ದ್ಯಾವಣ್ಣ ಕೂಗಿದ. ಗಾಡಿಯ ಚಿಂತೆಯಿಂದ ಅವನು ಬೆಳಗಿನಿಂದ ಅಲ್ಲೇ ನಿಂತಿದ್ದ.

"ಕೊಕ್ಕೆ ನನ್ನ ಬಾಲದಲ್ಲಿದೆ, ಗಾಡಿ ಎಲ್ಲಿಗೆ ಹೋಗುತ್ತೆ?" ಎಂದ ಚೆಲುವಯ್ಯ.

ಅವನು ಪಂಪನ್ನು ಎಷ್ಟು ಸಾಧ್ಯವೋ ಅಷ್ಟೂ ತುಳಿದ. ನೀರು ಕೆಳಗಿನಿಂದ ಮೇಲಕ್ಕೆ ಚಿಮ್ಮಿ ಹೆಂಚುಗಳ ಸಂದಿಗೆ ನುಗ್ಗಿತು. ನಾಲ್ಕು ಹೆಂಚು ಎದ್ದು ಬಿದ್ದವು. ಒಳಗೆ ಗುಡ್ಡಪ್ಪನ ಜೇನಿನ ಗಡಿಗೆಗಳಿಗೆಲ್ಲ ನೀರು ಸುರಿಯಿತು. ಪಾಚಿ ಮಾತ್ರ ಹಾಗೇ ಇತ್ತು.

"ಅಯ್ಯೋ ನನ್ನ ಜೇನು," ಎಂದು ಗುಡ್ಡಪ್ಪ ಒಳಗೆ ಓಡಿದ. ಆ ಗಾಬರಿಯಲ್ಲಿ ಚೆಲುವಯ್ಯ ಕಲ್ಲಿನಿಂದ ಜಾರಿದ. ಗಾಡಿ ಹಿಂದಕ್ಕೆ ಉರುಳಿತು. ತುಂಬಿದ ಡ್ರಮ್ಮಿನ ಭಾರವನ್ನು ನರಿಯ ಮೆತ್ತನೆ ಬಾಲ ತಡೆದೀತೇ? ಬಾಲ ಹಿಡಿದು ಎಳೆಯುತ್ತ ಗಾಡಿ ಇಳಿಜಾರಿನಲ್ಲಿ ಓಡಿತು. "ಬಾಲ, ಬಾಲ," ಎನ್ನುತ್ತ ಚೆಲುವಯ್ಯ ಹಿಮ್ಮುಖವಾಗಿ ಅದರ ಹಿಂದೆಯೇ ಹೋದ. ಮುಂದೆ ಕೆಸರಿನ ಹೊಂಡ ಬಾಯಿ ತೆರೆದುಕೊಂಡಿತ್ತು. ಅದರಲ್ಲಿ ಮುಳುಗಿದವರು ಮೇಲೆ ಬಂದದ್ದಿಲ್ಲ.

ದ್ಯಾವಣ್ಣ ಯೋಚಿಸುತ್ತ ನಿಲ್ಲಲಿಲ್ಲ. ದಾರಿಗೆ ಅಡ್ಡ ಬಂದು, ಸೊಂಟದ ಹಳೇ ನೋವನ್ನೂ ಮರೆತು ಚೆಂಡಿನಂತೆ ಸುತ್ತಿಕೊಂಡು ಚಕ್ರದ ಕೆಳಗೆ ಸೇರಿಬಿಟ್ಟ. ಚಕ್ರ ಅವನ ಚಿಪ್ಪಿಗೆ ಬಡಿಯಿತು. ಗಾಡಿ ಹೊಂಡದ ಅಂಚಿನಲ್ಲಿ ಗಕ್ಕನೆ ನಿಂತಿತು.

ಎಲ್ಲರೂ ಓಡಿಬಂದರು. ಚೆಂಡು ಮೆಲ್ಲಗೆ ಬಿಚ್ಚಿಕೊಂಡು ಮೂಗು ಹೊರಹಾಕಿತು.

"ಗಾಡಿಗೆ ಏನೂ ಆಗಿಲ್ಲ ತಾನೇ?" ಎಂದು ದ್ಯಾವಣ್ಣ ಕೇಳಿದ. ಆಮೇಲೆ, "ಅವನ ಬಾಲ ಇದೆಯಾ?" ಎಂದ.

ಬಾಲವಿತ್ತು, ಅರ್ಧ ಕೂದಲಿರಲಿಲ್ಲ. ಚೆಲುವಯ್ಯ ನೆಲ ನೋಡುತ್ತ ಹೇಳಿದ: "ಪಾಚಿ ಬಿಡಿಸಿದ್ದು ನಾನಲ್ಲ. ದ್ಯಾವಣ್ಣನ ಮದ್ದು. ನಾನು ನಾಲ್ಕನೇ ದಿನ ನೀರು ಮಾತ್ರ ಸುರಿದೆ."

ದುಂಡಮ್ಮ ಕಿವಿ ಜೋಲುಬಿಟ್ಟಳು. "ಮೂರನೇ ದಿನ ಪಾಚಿ ಕಂದು ಬಣ್ಣ ಆಗಿತ್ತು. ನನ್ನ ಕಣ್ಣೇ ಮಂಜಾಯ್ತು ಅಂದ್ಕೊಂಡೆ ಕಣಪ್ಪ," ಎಂದಳು.

ಗುಡ್ಡಪ್ಪನಿಗೆ ಇನ್ನೂ ಅನುಮಾನ. ದ್ಯಾವಣ್ಣ ಅಂಟುವಾಳ ನೆನೆಸಿ, ಬುರುಡೆ ಸಿಕ್ಕಿಸಿ, ಗಳುವಿಗೆ ಇನ್ನೊಂದು ಬಿದಿರು ಕಟ್ಟಿ ಉದ್ದ ಮಾಡಿ, ನೆತ್ತಿಯಿಂದ ಕೆಳಕ್ಕೆ ಸಿಂಪಡಿಸಿದ. ಗುಡ್ಡಪ್ಪ ಅಂಗಳದಲ್ಲಿ ಮಣೆ ಹಾಕಿಕೊಂಡು ನಾಲ್ಕು ದಿನ ಕಣ್ಣು ಕೀಳದೆ ಕಾದ. ಒಂದು ನೊಣವನ್ನೂ ಮಾಡಿನ ಮೇಲೆ ಕೂರಲು ಬಿಡಲಿಲ್ಲ. ಹಸಿರು ಮಂಕಾಯಿತು, ಕಂದಾಯಿತು, ಅಂಚು ಮುದುರಿತು. ಐದನೇ ದಿನ ದ್ಯಾವಣ್ಣ ನೀರು ಬಿಟ್ಟಾಗ ಪಾಚಿಯೆಲ್ಲ ಹಳೆಯ ಕಂಬಳಿಯಂತೆ ಜಾರಿ ಅಂಗಳಕ್ಕೆ ಬಿತ್ತು.

ಅಂದು ನಾಲ್ಕು ಮನೆಯವರೂ ಸಾಲಾಗಿ ಬಂದು ದ್ಯಾವಣ್ಣನ ಕಿವಿಯಲ್ಲಿ ಗುಟ್ಟು ಹೇಳಿದರು. ದುಂಡಮ್ಮ ಮಾತ್ರ ಎರಡು ಹುತ್ತ ಹೇಳಿದಳು.

ಚೆಲುವಯ್ಯನಿಗೂ ಕೆಲಸ ಸಿಕ್ಕಿತು. ಈಗ ಗಾಡಿ ಎಲ್ಲಿ ಹೋದರೂ ಅವನು ಹಿಂದೆ ಹಿಂದೆ ಆ ಕಲ್ಲನ್ನು ಹೊತ್ತುಕೊಂಡು ಹೋಗುತ್ತಾನೆ. ಗಾಡಿ ನಿಂತ ಕೂಡಲೇ ಚಕ್ರದ ಹಿಂದೆ ಕಲ್ಲಿಟ್ಟು, ಅಲುಗಾಡಿಸಿ ನೋಡಿ, ತನ್ನ ಬಾಲವನ್ನೊಮ್ಮೆ ಮುಟ್ಟಿ ನೋಡಿಕೊಂಡು, "ಹೂಂ, ಹೊಡಿ ದ್ಯಾವಣ್ಣ," ಎನ್ನುತ್ತಾನೆ.

ನೀತಿ: ಒಳ್ಳೆಯ ಕೆಲಸದ ಫಲ ಕಾಣಲು ಕೆಲವು ದಿನ ಬೇಕಾಗಬಹುದು. ಕೊನೆಗೆ ಬಂದು ನೀರು ಸುರಿದವನನ್ನು ಹೊಗಳುವ ಮೊದಲು, ಮೊದಲ ದಿನ ಬಂದು ಕೆಲಸ ಮಾಡಿದವನು ಯಾರೆಂದು ಕೇಳಬೇಕು.