ಪಾದರಸಕ್ಕೆ ಗೂಟ ಬದಲಿಸಿದ ನಾಯಕರು

"ನನ್ನ ಅಪ್ಪಣೆಯಿಲ್ಲದೆ ಹುಲಿಗುಡ್ಡದಲ್ಲಿ ಗಾಳಿಯೂ ಅಲ್ಲಾಡದು!" ಎಂದರು ಪಾಳೇಗಾರ ಬೊಮ್ಮರಸ ನಾಯಕರು. ಸಭೆ ತಲೆದೂಗಿತು. ಸಂಬಳವಿದ್ದದ್ದೇ ಅದಕ್ಕೆ.

ಅಂದು ಮಧ್ಯಾಹ್ನ ಬಯಲಿನಲ್ಲಿ ನಾಯಕರ ತುಲಾಭಾರ. ಅವರ ತೂಕದಷ್ಟು ಬೆಲ್ಲವನ್ನು ಊರಿಗೆ ಹಂಚುವುದು ವಾಡಿಕೆ. ತಕ್ಕಡಿ ಸಮನಾದ ಮೇಲೆ ಜೋಯಿಸರ ಮಂತ್ರ ಮುಗಿಯುವ ತನಕ ನಾಯಕರು ತಟ್ಟೆಯಿಂದ ಇಳಿಯುವಂತಿಲ್ಲ.

ಆಸ್ಥಾನದ ಕಂಚುಗಾರ ಈರೋಜ ಎದ್ದುನಿಂತ. "ಪ್ರಭು, ತುಲಾಭಾರ ಚಾವಡಿಯೊಳಗೇ ಆಗಲಿ. ಮಳೆ ಬರುವ ಹಾಗಿದೆ."

"ಯಾರು ಹೇಳಿದ್ದು?"

ಈರೋಜ ಗೋಡೆಯತ್ತ ಕೈ ತೋರಿಸಿದ. ಪರದೇಶದ ವರ್ತಕನೊಬ್ಬ ಕಾಣಿಕೆ ಕೊಟ್ಟಿದ್ದ ಗಾಜಿನ ಕೊಳವೆ ಅಲ್ಲಿ ಗೂಟಕ್ಕೆ ನೇತಾಡುತ್ತಿತ್ತು. "ಒಳಗಿನ ಪಾದರಸ ನಿನ್ನೆಯಿಂದ ಅರ್ಧ ಬೆರಳು ಇಳಿದಿದೆ. ಅದೂ ತಕ್ಕಡಿಯೇ ಪ್ರಭು. ಒಂದು ಕಡೆ ಪಾದರಸ, ಇನ್ನೊಂದು ಕಡೆ ಹೊರಗಿನ ಗಾಳಿ. ಗಾಳಿ ಹಗುರಾದರೆ ಪಾದರಸ ಇಳಿಯುತ್ತದೆ. ಗಾಳಿ ಹೀಗೆ ಹಗುರಾದಾಗ ಹೆಚ್ಚಾಗಿ ಮಳೆಯೇ."

"ಗಾಳಿಗೂ ತೂಕವಂತೆ!" ತಿರುಮಲ ಜೋಯಿಸರು ಹೊಟ್ಟೆ ಹಿಡಿದು ನಕ್ಕರು. "ಯಾವ ಸಂತೆಯಲ್ಲಿ ತೂಗಿ ನೋಡಿದೆಯೋ?" ಅವರು ಪಂಚಾಂಗ ನೋಡಿದರು. ಆಕಾಶ ನೋಡಲಿಲ್ಲ, ಅದು ಅವರ ಕೆಲಸವಲ್ಲ. "ಮಳೆಯಿಲ್ಲ ಪ್ರಭು. ಶುಭ್ರ ಬಿಸಿಲು."

"ಮಳೆ ಬಾರದಿದ್ದರೆ ಅರ್ಧ ಮೀಸೆ ಬೋಳಿಸಿ ಕತ್ತೆಯ ಮೇಲೆ ಕೂರಿಸುತ್ತೇನೆ ಕಣೋ, ಈರೋಜ," ಎಂದರು ನಾಯಕರು.

"ಬಂದರೆ ಕತ್ತೆ ಜೋಯಿಸರಿಗೆ?"

"ಆಗಲಿ."

ಅಷ್ಟರಲ್ಲಿ ನಾಯಕರಿಗೊಂದು ಯೋಚನೆ ಹೊಳೆಯಿತು. "ಪಾದರಸ ಇಳಿದದ್ದೇ ತಾನೆ ತಂಟೆ? ಏರಿಸಿದರಾಯಿತು!"

ಎರಡು ಮೊಳ ಮೇಲೆ ಹೊಸ ಗೂಟ ಹೊಡೆದು ಕೊಳವೆಯನ್ನು ಅದಕ್ಕೆ ತೂಗುಹಾಕಿದರು.

"ಏರಿತು! ಏರಿತು!" ಸಭೆ ಜಯಕಾರ ಹಾಕಿತು. ಈರೋಜ ಮೀಸೆಯ ಎರಡೂ ಕಡೆ ಸವರಿಕೊಂಡ.

ಮಧ್ಯಾಹ್ನ ಬಯಲಿನಲ್ಲಿ ಒಂದು ತಟ್ಟೆಗೆ ನಾಯಕರು, ಇನ್ನೊಂದಕ್ಕೆ ಬೆಲ್ಲದ ಗುಡ್ಡ. ತಕ್ಕಡಿ ಸಮನಾಯಿತು. ಜೋಯಿಸರು ಮಂತ್ರ ಶುರುಮಾಡಿದರು. ಆಗ ನಾಯಕರ ಮೂಗಿನ ಮೇಲೆ ಒಂದು ಹನಿ ಬಿತ್ತು. ಆಮೇಲೆ ಉಳಿದವೆಲ್ಲ ಒಟ್ಟಿಗೇ ಬಿದ್ದವು.

"ಬೇಗ ಮುಗಿಸಿ ಜೋಯಿಸರೇ!"

"ಇನ್ನು ತೊಂಬತ್ತೆಂಟು ಶ್ಲೋಕ, ಪ್ರಭು!"

ಬೆಲ್ಲ ಕರಗಿ, ಬಿದಿರ ತಟ್ಟೆಯ ಸಂದಿಯಿಂದ ಸೋರಿ ಹೊಳೆಯಾಯಿತು. ಊರಿನವರು ಬೊಗಸೆಯೊಡ್ಡಿದರು. ಬೆಲ್ಲದ ತಟ್ಟೆ ಮೇಲೇರಿತು. ನಾಯಕರ ತಟ್ಟೆ ಇಳಿಯಿತು, ಇನ್ನೂ ಇಳಿಯಿತು, ಕೊನೆಗೆ ದೊಪ್ಪೆಂದು ಕೆಸರಿನಲ್ಲಿ ಕೂತಿತು.

"ಈರೋಜಾ! ಒಂದು ಗಳಿಗೆಯಲ್ಲಿ ನಾನು ಇಷ್ಟು ದಪ್ಪವಾದೆನೇನೋ?"

"ಇಲ್ಲ ಪ್ರಭು, ತಾವು ಇದ್ದಷ್ಟೇ ಇದ್ದೀರಿ. ಎದುರಿನದು ಹಗುರಾಯಿತು, ತಾವು ಇಳಿದಿರಿ. ಪಾದರಸ ಇಳಿದದ್ದೂ ಹೀಗೇ."

ನಾಯಕರು ಎದುರಿನ ಖಾಲಿ ತಟ್ಟೆ ನೋಡಿದರು. ತಾವು ಕೂತ ಕೆಸರು ನೋಡಿದರು. "ತಿಳಿಯಿತು ಮಾರಾಯ! ಮೊದಲು ನನ್ನನ್ನು ಮೇಲೆತ್ತು!"

"ಅದಕ್ಕೇನು ಪ್ರಭು, ತಮ್ಮ ಹೊಸ ಗೂಟ ಇದೆಯಲ್ಲ. ತೂಗುಹಾಕಿಬಿಡಲೇ?"

ನಾಯಕರು ಕೆಸರಿನಲ್ಲೇ ಹೊರಳಾಡಿ ನಕ್ಕರು. ಕೊರಳಿನ ಮುತ್ತಿನ ಸರ ತೆಗೆದು ಈರೋಜನತ್ತ ಎಸೆದರು.

ಜೋಯಿಸರು ಕತ್ತೆಯೇರಿ ಮನೆಗೆ ಹೊರಟರು. ಮಳೆಯ ವಿಷಯದಲ್ಲಿ ಪಂಚಾಂಗ ಅಂದು ಮೊದಲ ಸಲ ಉಪಯೋಗಕ್ಕೆ ಬಂತು: ಅದನ್ನವರು ತಲೆಯ ಮೇಲೆ ಹಿಡಿದಿದ್ದರು.