ಕೊಟ್ಟವ್ವನ ದಿಬ್ಬ

ಹರಳಿಹಾಳದಿಂದ ಕೃಷ್ಣಾ ಹೊಳೆಗೆ ಇಳಿಯುವ ದಾರಿಯಲ್ಲಿ, ಎಡಗಡೆ ಜಾಲಿಮರಗಳ ನಡುವೆ ಒಂದು ಗರಸಿನ ದಿಬ್ಬವಿದೆ. ಗುಡಿಯಿಲ್ಲ, ಶಾಸನವಿಲ್ಲ. ಕೊಟ್ಟವ್ವನ ದಿಬ್ಬವೆಂದರೆ ಹೊರಗಿನವರು ಯಾವುದೋ ದೇವತೆಯ ಹೆಸರೆಂದುಕೊಳ್ಳುತ್ತಾರೆ. ಹಾಗಲ್ಲ. ದಿಬ್ಬವೂ ತಾನಾಗಿ ಎದ್ದದ್ದಲ್ಲ. ಹೆಣ್ಣುಮಕ್ಕಳು ತಲೆಮಾರುಗಟ್ಟಲೆ ತೊಳೆದು ಸುರಿದ ಕಲ್ಲಿನ ರಾಶಿ ಅದು. ಹಿಂದೆ ಒಂದು ಕಾಲದಲ್ಲಿ ಅರಸರ ಕಿರೀಟಗಳಿಗೆಲ್ಲ ವಜ್ರ ಹೋಗುತ್ತಿದ್ದದ್ದು ನಮ್ಮ ಈ ಹೊಳೆಸಾಲಿನಿಂದಲೇ ಎನ್ನುತ್ತಾರೆ. ಗಂಡಸರು ಗುಂಡಿ ತೋಡಿ ಗರಸು ಮೇಲೆತ್ತುವರು; ಹೆಂಗಸರು ಅದನ್ನು ನೀರಲ್ಲಿ ಜಾಲಿಸಿ, ಬಿಸಿಲಿಗೆ ಹರಡಿ, ಸಾಲಾಗಿ ಕೂತು ಹರಳು ಆರಿಸುವರು. ಸಾಣೆ ಕಾಣದ ವಜ್ರ ಹೊಳೆಯುವುದಿಲ್ಲ, ಕಲ್ಲುಸಕ್ಕರೆಯ ಚೂರಿನಂತೆ ಮಂಕಾಗಿರುತ್ತದೆ. ದೂರದೇಶದ ವರ್ತಕರು ದಂಡೆಯ ಮೇಲೆ ಕುದುರೆ ಕಟ್ಟಿ ಕಾಯುತ್ತಿದ್ದರಂತೆ. ಆರಿಸುವವರ ಹಾಡು ಹೊಳೆಯ ಆಚೆ ದಡಕ್ಕೂ ಕೇಳುತ್ತಿತ್ತಂತೆ.

ಆ ಸಾಲಿನಲ್ಲಿ ಹುಲಿಗೆವ್ವ ಎಂಬವಳಿದ್ದಳು. ಗಂಡ ಗುಂಡಿ ಕುಸಿದು ಸತ್ತಿದ್ದ, ಮಕ್ಕಳಿರಲಿಲ್ಲ. ದೊಡ್ಡ ಹರಳು ಸಿಕ್ಕವರಿಗೆ ಹೊಳೆದಂಡೆಯಲ್ಲಿ ಒಂದು ಹೊಲ ಕೊಟ್ಟು ಗಣಿಯ ದುಡಿಮೆಯಿಂದ ಬಿಡುವ ಪದ್ಧತಿ ಆಗ ಇತ್ತು. ಆ ಆಸೆಯ ಮೇಲೆಯೇ ಅವಳು ದಿನ ದೂಡುತ್ತಿದ್ದಳು. ಒಂದು ಮಧ್ಯಾಹ್ನ ಹುಣಸೆಬೀಜದಷ್ಟು ದೊಡ್ಡ ಹರಳು ಅವಳ ಬೆರಳಿಗೆ ತಾಕಿತು. ಸಂಜೆ ಗಣಿಯ ಅಧಿಕಾರಿ ಬಂದಾಗ ಎಲ್ಲರೆದುರು ಒಪ್ಪಿಸೋಣವೆಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅಧಿಕಾರಿ ಬಂದ. ಆದರೆ ಬೆಳಿಗ್ಗೆ ಸಿಕ್ಕಿ ತಟ್ಟೆಯಲ್ಲಿಟ್ಟಿದ್ದ ಒಂದು ಸಣ್ಣ ಹರಳು ಕಾಣೆಯಾಗಿತ್ತು. ತಟ್ಟೆಯ ಪಕ್ಕ ಕೂತಿದ್ದವಳು ದ್ಯಾವವ್ವ, ತುಂಬು ಬಸುರಿ. ನುಂಗಿದ್ದಾಳೆಂದು ಕಾವಲಿನವರು ಅವಳನ್ನು ಎಳೆದು ತಂದರು. ನುಂಗಿದವರಿಗೆ ಜಾಪಾಳ ಅರೆದು ಕುಡಿಸಿ ಭೇದಿ ಮಾಡಿಸುವುದು ಗಣಿಯ ಕಟ್ಟಳೆ.

“ನಾ ನುಂಗಿಲ್ರೀ ಯಪ್ಪಾ. ಅದನ್ನ ಕುಡಿಸಿದ್ರ ಕೂಸು ಉಳಿಯಂಗಿಲ್ಲ,” ಎಂದು ದ್ಯಾವವ್ವ ಅಧಿಕಾರಿಯ ಕಾಲು ಹಿಡಿದಳು. ಅವನೇನು ಕೆಟ್ಟವನಲ್ಲ, ಆದರೆ ಒಂದು ಹರಳು ಕಡಿಮೆ ಬಿದ್ದರೆ ಮೇಲಿನವರಿಗೆ ಅವನೇ ಉತ್ತರ ಹೇಳಬೇಕಿತ್ತು. ಜಾಪಾಳದ ಬಟ್ಟಲು ತರಿಸಿದ. ಆಗ ಹುಲಿಗೆವ್ವ ಎದ್ದು ಬಂದು ಸೆರಗಿನ ಗಂಟು ಬಿಚ್ಚಿದಳು.

“ಆಕೀನ ಬಿಡ್ರಿ. ಕಳೆದ ಹರಳು ಇದಽ ನೋಡ್ರಿ. ಕೆಳಗ ಬಿದ್ದಿತ್ತು.”

ಕಳೆದದ್ದು ಜೋಳದ ಕಾಳಿನಷ್ಟಿತ್ತು. ಅಧಿಕಾರಿ ಅಂಗೈಯಲ್ಲಿದ್ದ ಹರಳನ್ನು ಬಹಳ ಹೊತ್ತು ನೋಡಿದ. “ನೋಡವ್ವ, ಇದು ಹೊಸದಾಗಿ ಸಿಕ್ಕಿದ್ದು ಅಂದ್ರ ಹೊಲ ನಿಂದು. ಕಳೆದದ್ದು ಅಂದ್ರ ನಿನಗ ಏನೂ ಇಲ್ಲ. ಯಾವುದು, ಹೇಳು.”

ಹುಲಿಗೆವ್ವ ಹೊಳೆಯ ಕಡೆ ಒಮ್ಮೆ ನೋಡಿದಳು. “ಕಳೆದದ್ದರೀ,” ಎಂದಳು. ಅವನು ಬಟ್ಟಲನ್ನು ಮರಳಿಗೆ ಚೆಲ್ಲಿದ.

ದ್ಯಾವವ್ವನಿಗೆ ಹೆಣ್ಣು ಹುಟ್ಟಿತು. ಅಂದಿನಿಂದ ಅವಳು ಹುಲಿಗೆವ್ವನನ್ನು ಕೊಟ್ಟವ್ವ ಎಂದೇ ಕರೆದಳು; ಮಗಳೂ ಕರೆದಳು, ಊರೂ ಕರೆಯಿತು. ಕಣ್ಣು ಮಂಜಾಗುವವರೆಗೆ ಕೊಟ್ಟವ್ವ ಗರಸು ತೊಳೆದಳು. ಆಮೇಲೆ ಈ ದಿಬ್ಬದ ಮೇಲೆ ಬಂದು ಕೂರುವಳು. ದ್ಯಾವವ್ವನ ಮಗಳು ಒಮ್ಮೆ, “ಹೊಲ ಹೋತಲ್ಲ ಆಯಿ, ಸಂಕಟ ಆಗೂದಿಲ್ಲೇನು?” ಎಂದು ಕೇಳಿದಳಂತೆ. “ಆಗತೈತಿ. ಮಂದಿ ಬಿತ್ತಾಕ ಹೊಂಟಾಗ ಭಾಳ ಆಗತೈತಿ,” ಎಂದು ಮುದುಕಿ ಅವಳ ಜಡೆ ಹೆಣೆಯುತ್ತಲೇ ಇದ್ದಳಂತೆ. ಸತ್ತಾಗ ಇಲ್ಲಿಯೇ ಮಣ್ಣು ಮಾಡಿದರು.

ಕಡಲಾಚೆ ಬೇರೆ ಗಣಿಗಳು ಸಿಕ್ಕ ಮೇಲೆ ವರ್ತಕರು ಇತ್ತ ಬರುವುದು ನಿಂತಿತು. ಗುಂಡಿಗಳು ಹೂಳು ತುಂಬಿದವು. ಈಗಲೂ ಮಳೆ ಬಿದ್ದ ಮರುದಿನ ಪರ ಊರಿನವರು ಬಂದು, ಬಾಗಿ ಬಾಗಿ ಕಲ್ಲು ಹುಡುಕುವುದನ್ನು ನೋಡಬಹುದು, ನಾವು ಬೇಡವೆನ್ನುವುದಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೊರಟ ನಮ್ಮೂರ ಸೊಸೆಯಂದಿರು ಮಾತ್ರ ಟಂಟಂ ಗಾಡಿ ನಿಲ್ಲಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು, ದಿಬ್ಬದ ಬುಡದಲ್ಲಿ ತುಸು ಹೊತ್ತು ಕೂರುತ್ತಾರೆ. ಯಾಕೆಂದು ಕೇಳಿದರೆ ಅವರಲ್ಲಿ ಎಷ್ಟೋ ಮಂದಿಗೆ ಗೊತ್ತಿಲ್ಲ. “ಇಲ್ಲಿ ಕುಂತು ಹೋಗಬೇಕ್ರಿ,” ಎನ್ನುತ್ತಾರೆ.