ಬಸವನಹುಳು ಬೇಡಿದ ಕದ

ಭೂಮಿಯ ಹಸಿ ಇನ್ನೂ ಆರಿರಲಿಲ್ಲ. ಯಾವ ಕಡೆಗೆ ಹರಿಯಬೇಕೆಂದು ಹೊಳೆಗಳು ಗಾಳಿಯನ್ನು ಕೇಳುತ್ತಿದ್ದ ಕಾಲ ಅದು. ಒಂದು ದಿನ ಭೂಮಿತಾಯಿ ಜೀವಿಗಳನ್ನೆಲ್ಲ ಕರೆದು, "ಒಬ್ಬೊಬ್ಬರೂ ಒಂದೊಂದು ವರ ಕೇಳಿ" ಎಂದಳು.

ಬಾತುಕೋಳಿ ರೆಕ್ಕೆ ಕೇಳಿತು. ಕಪ್ಪೆ ನೆಗೆಯುವ ಕಾಲು ಕೇಳಿತು. ಎಲ್ಲರಿಗಿಂತ ಕೊನೆಗೆ ಬಂದವಳು ಜೋಳದ ಕಾಳಿನಷ್ಟು ಚಿಕ್ಕ ನೀರಬಸವನಹುಳು. ಇಡೀ ಲೋಕದಲ್ಲಿ ಅವಳಿಗಿದ್ದುದು ಒಂದೇ ಹೊಂಡ. ಬೆನ್ನ ಮೇಲೆ ಸುರುಳಿ ಮನೆ. ಮನೆಯೊಳಗೆ ಇನ್ನೂ ಹುಟ್ಟದ ನಲವತ್ತು ಮರಿಗಳು.

"ನನ್ನ ಮನೆಗೊಂದು ಕದ ಕೊಡಮ್ಮ."

ಕಪ್ಪೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಕಾಲು ಕೇಳುವುದು ಬಿಟ್ಟು ಕದ ಕೇಳಿದೆಯಲ್ಲ! ಹೊಂಡ ಬತ್ತಿದ ದಿನ ಎಲ್ಲಿಗೆ ಹೋಗುತ್ತೀ, ಅಕ್ಕಾ?"

"ಮಕ್ಕಳಿರುವ ಮನೆಗೆ ಮೊದಲು ಕದ ಬೇಕು, ತಮ್ಮಾ" ಎಂದಳು ಅವಳು. ಭೂಮಿತಾಯಿ ಉಗುರಿನಂಥ ಪುಟ್ಟ ಕದ ಕೊಟ್ಟಳು.

ಬೇಸಿಗೆ ಬಂತು. ಹೊಂಡ ಬತ್ತಿತು. ಕಪ್ಪೆ ನೆಗೆದು ಹೊರಟುಹೋಯಿತು. ಬಸವನಹುಳು ಹಗಲೆಲ್ಲ ತೆವಳಿದಳು. ದಾಟಿದ್ದು ಒಂದು ಎಲೆಯಗಲ. ನೀರು ಸಿಗದಿದ್ದರೆ ನಲವತ್ತರಲ್ಲಿ ಒಂದು ಮರಿಯೂ ಉಳಿಯುವಂತಿರಲಿಲ್ಲ. ಅಷ್ಟರಲ್ಲಿ ಬಾತುಕೋಳಿ ಕೆಸರು ಕೆದಕಿ, ಗುಳುಂ ಎಂದು ಅವಳನ್ನೇ ನುಂಗಿ, ರೆಕ್ಕೆ ಬಿಚ್ಚಿ ಹಾರಿತು.

ಅವಳು ಥಟ್ಟನೆ ಕದ ಮುಚ್ಚಿದಳು.

ಬಾತುಕೋಳಿಯ ಜಠರಾಗ್ನಿ ಬಂದು ಕದ ತಟ್ಟಿತು. "ಯಾರೇ ಒಳಗೆ? ಬಾಗಿಲು ತೆಗೆ."

"ನಾಳೆ ಬಾ."

ಮತ್ತೆ ತಟ್ಟಿತು. "ಹಸಿವಾಗಿದೆ, ತೆಗೆಯೇ!"

"ನಾಳೆ ಬಾ."

ಕದ ಬಿಸಿಯಾಯಿತು. ಅವಳು ಮೈಯೆಲ್ಲ ಒಳಗೆಳೆದು, ಕದವನ್ನು ಬಿಗಿಯಾಗಿ ಹಿಡಿದಳು. "ಮಕ್ಕಳು ಮಲಗಿದ್ದಾರೆ, ಗದ್ದಲ ಮಾಡಬೇಡ. ನಾಳೆ ಬಾ."

ನಾಳೆಯಾಗುವಷ್ಟರಲ್ಲಿ ಬಾತುಕೋಳಿ ಏಳು ಗುಡ್ಡ ದಾಟಿ, ದೊಡ್ಡ ಕೆರೆಗಿಳಿದು, ಹಿಕ್ಕೆ ಹಾಕಿತು. ಹಿಕ್ಕೆಯೊಡನೆ ನೀರಿಗೆ ಬಿದ್ದ ಬಸವನಹುಳು ಮೆಲ್ಲನೆ ಕದ ಸರಿಸಿದಳು. ತಣ್ಣನೆಯ ನೀರು! ಕಣ್ಣು ಹಾಯಿಸಿದಷ್ಟೂ ಪಾಚಿ! ಅವಳ ಕುಲದಲ್ಲಿ ಗಂಡಿನ ಹಂಗಿಲ್ಲ. ಒಬ್ಬಳಿದ್ದರೆ ಒಂದು ವಂಶ. ನಲವತ್ತು ಮರಿಗಳು ಹುಟ್ಟಿದವು. ನಲವತ್ತೂ ತಾಯಂದಿರಾದವು.

ಬಹುಕಾಲ ಕಳೆದು, ಕಾಲು ಸವೆಸಿಕೊಂಡು, ಕಪ್ಪೆ ಅದೇ ಕೆರೆಗೆ ಬಂತು. ಕಾಲಿಡಲು ಕಲ್ಲು ಹುಡುಕಿದರೆ ಕಲ್ಲುಕಲ್ಲಿಗೂ ಬಸವನಹುಳು.

"ಅಕ್ಕಾ! ಕಾಲಿಲ್ಲದ ನೀನು ನನಗಿಂತ ಮೊದಲು ಹೇಗೆ ಬಂದೆ?"

"ಪಲ್ಲಕ್ಕಿಯಲ್ಲಿ ಬಂದೆ, ತಮ್ಮಾ. ಹೊತ್ತವರಿಗೆ ಗೊತ್ತಿರಲಿಲ್ಲ, ಅಷ್ಟೆ."

ಅದಕ್ಕೇ ಮಗು, ಯಾರೂ ತಂದು ಬಿಡದ ಹೊಸ ಕೆರೆಯಲ್ಲೂ ಇಂದು ಬಸವನಹುಳು ಕಾಣುತ್ತದೆ. ನೀನು ಬೆರಳು ತಾಗಿಸಿದೊಡನೆ ಅದು ಕದ ಮುಚ್ಚಿಕೊಂಡರೆ, ಒಳಗಿನಿಂದ ಹೇಳುತ್ತಿರುವುದು ಆ ಹಳೆಯ ಮಾತನ್ನೇ: ನಾಳೆ ಬಾ.